ಸುಣ್ಣ ಸರಿಯಾಗಿತ್ತು

ಆ ಬೆಳಿಗ್ಗೆ ಡಾಕ್ಟರ ಕೋಣೆಯಲ್ಲಿ ನಾವು ಐದು ಜನ ಇದ್ದೆವು. ಮೇಜಿನ ಆ ಕಡೆ ಡಾಕ್ಟರಮ್ಮ. ರಕ್ತನಾಳಗಳ ಆಪರೇಷನ್ ಮಾಡುವವರು, ಐವತ್ತರ ಒಳಗಿನ ವಯಸ್ಸು, ಕೂದಲನ್ನು ಎತ್ತಿ ಪೆನ್ಸಿಲ್ ಸಿಕ್ಕಿಸಿ ಗಂಟು ಹಾಕಿದ್ದರು. ಈ ಕಡೆ ನಡುವಿನ ಕುರ್ಚಿಯಲ್ಲಿ ನನ್ನ ಸೋದರಮಾವ. ಎಪ್ಪತ್ತೆರಡು ವರ್ಷ, ಇಸ್ತ್ರಿ ಮುರಿಯದ ಬಿಳಿ ಶರ್ಟು, ಹೆಗಲ ಮೇಲೆ ಟವಲು. ಅವರ ಬಲಕ್ಕೆ ಮಗ, ಕೈಯಲ್ಲಿ ಸ್ಕ್ಯಾನಿಂಗ್ ರಿಪೋರ್ಟಿನ ಕವರು. ಎಡಕ್ಕೆ ಅತ್ತೆ, ಗಂಡನ ಕಡೆಗೆ ಅರ್ಧ ಬೆನ್ನು ಮಾಡಿ ಕೂತಿದ್ದರು. ಹತ್ತು ದಿನದಿಂದ ಗಂಡಹೆಂಡಿರಿಗೆ ಮಾತು ಅಷ್ಟಕ್ಕಷ್ಟೆ ಎಂದು ನನಗೆ ಗೊತ್ತಿತ್ತು, ಯಾಕೆಂದು ಗೊತ್ತಿರಲಿಲ್ಲ. ಕುರ್ಚಿ ಸಾಲದೆ ನಾನು ಗೋಡೆಗೆ ಒರಗಿ ನಿಂತಿದ್ದೆ.

ಆಸ್ಪತ್ರೆ ಹೆಬ್ಬಾಳದಲ್ಲಿ. ಮಾವನ ಮನೆ ಅಲ್ಲಾಳಸಂದ್ರದ ಹಳೇ ಊರಿನಲ್ಲಿ. ನಾನು ಆರ್.ಟಿ. ನಗರದಿಂದ ಬಂದು ಅರ್ಧ ಗಂಟೆ ಕಾದ ಮೇಲೆ, ಫ್ಲೈಓವರಿನ ಟ್ರಾಫಿಕ್ ದಾಟಿಕೊಂಡು ಅವರ ಕಾರು ಬಂತು. ಇಳಿಯುತ್ತಲೇ ಮಾವ ಅಂದರು: "ಆ ಸೇತುವೆ ಮೇಲೆ ನಿಂತೂ ನಿಂತೂ ನನ್ಗೆ ಬೇರು ಬಿಟ್ಬುಟ್ಟವೆ ಕಣಮ್ಮಾ. ಇನ್ನೊಂದ್ ಅರ್ಧ ಗಂಟೆ ಬಿಟ್ಟಿದ್ರೆ ಚಿಗುರ್ತಿದ್ದೆ."

ಅಂಥ ಮಾತು ಅವರದು. ನನ್ನ ಮಾತನ್ನು ಕೇಳಿದವರು ಕೆಲವೊಮ್ಮೆ, "ಈ ಥರ ಮಾತಾಡೋದನ್ನ ಎಲ್ಲಿ ಕಲಿತ್ರಿ?" ಎಂದು ಕೇಳುವುದುಂಟು. ದ್ರಾಕ್ಷಿ ಚಪ್ಪರದ ಕೆಳಗೆ, ಎನ್ನುತ್ತೇನೆ. ಅಮ್ಮನಿಗೆ ಊರೂರಿಗೆ ವರ್ಗವಾಗುವ ಕೆಲಸವಿದ್ದುದರಿಂದ ನಾನು ಬೆಳೆದದ್ದು ಅಜ್ಜಿಯ ಮನೆಯಲ್ಲಿ, ಈ ಮಾವನ ಬೆನ್ನ ಹಿಂದೆ. ಚಿಕ್ಕಜಾಲದ ಕಡೆ ಅವರ ತೋಟ. ಈಗ ಮೂರು ದಿಕ್ಕಿಗೂ ಲೇಔಟು ಬಂದು ನಡುವೆ ಒಂದೇ ಎಕರೆ ಉಳಿದಿದೆ, ಆ ಒಂದು ಎಕರೆಯಲ್ಲಿ ಈಗಲೂ ಕಪ್ಪು ದ್ರಾಕ್ಷಿ. ಬಳ್ಳಿ ಕತ್ತರಿಸುವಾಗ ಅವರ ಬಾಯಿ ಸುಮ್ಮನಿರುತ್ತಿರಲಿಲ್ಲ. ಯಾವ ಕಡ್ಡಿ ಇಡಬೇಕು, ಯಾವುದನ್ನು ತೆಗೆಯಬೇಕು ಎಂದು ಹೇಳುತ್ತಲೇ ಯಾರ ಮದುವೆಯಲ್ಲಿ ಯಾರು ಸಿಟ್ಟಾಗಿ ಎಲೆ ಬಿಟ್ಟು ಎದ್ದರು ಎನ್ನುವುದನ್ನೂ ಹೇಳುತ್ತಿದ್ದರು. ಒಬ್ಬ ಜಿಪುಣನ ವಿಷಯ ಬಂದರೆ, "ಅವ್ನು ಬಿಡು, ನೆರಳು ಆಚೆಗೆ ಬೀಳ್ತದೆ ಅಂತ ಮರಾನ ಮನೆ ಒಳಗೆ ನೆಟ್ಟೋನು" ಎನ್ನುವರು. ನನಗೆ ಏಳೆಂಟು ವರ್ಷ. ಆ ಮರವನ್ನು ನೋಡಬೇಕೆಂದು ಹಟ ಹಿಡಿದಿದ್ದೆ.

ಆಸ್ಪತ್ರೆಗೆ ಬಂದ ಕಾರಣ ಇಷ್ಟು. ಯಲಹಂಕದಲ್ಲಿ ಮಾವನ ಸಕ್ಕರೆ, ಬಿ.ಪಿ. ನೋಡಿಕೊಳ್ಳುವ ಹಳೆಯ ಡಾಕ್ಟರೊಬ್ಬರಿದ್ದಾರೆ. ಆ ವಾರ ಅವರು ಎದೆಗೆ ಇಟ್ಟ ಸ್ಟೆತಾಸ್ಕೋಪನ್ನು ಹಾಗೇ ಮೇಲೆ ತಂದು ಕತ್ತಿಗೂ ಇಟ್ಟರಂತೆ. ಎಡಗಡೆ ಭರ್ ಎಂದು ಸದ್ದು, ಅರ್ಧ ತಿರುಗಿಸಿದ ನಲ್ಲಿಯ ಹಾಗೆ. ಸ್ಕ್ಯಾನ್ ಮಾಡಿಸಿದರೆ ಕಂಡದ್ದು: ಕತ್ತಿನ ಎರಡು ಪಕ್ಕದಲ್ಲಿ ಮಿದುಳಿಗೆ ರಕ್ತ ಒಯ್ಯುವ ದೊಡ್ಡ ನಾಳಗಳಿರುತ್ತವಲ್ಲ, ಕರೊಟಿಡ್ ಅನ್ನುತ್ತಾರೆ, ಅದರಲ್ಲಿ ಎಡಗಡೆಯದು ಒಳಗೆ ಕೊಬ್ಬು ಕಟ್ಟಿ ಚೆನ್ನಾಗಿಯೇ ಕಿರಿದಾಗಿತ್ತು. ಆ ಕೊಬ್ಬಿನದೊಂದು ಚೂರು ಕಳಚಿಕೊಂಡು ಮೇಲಕ್ಕೆ ಹೋದರೆ ಪಾರ್ಶ್ವವಾಯು. ಬಹಳ ಜನಕ್ಕೆ ಮಾತಿನ ಜಾಗ ಮಿದುಳಿನ ಎಡಗಡೆಯೇ ಇರುವುದರಿಂದ ಬಲಗೈ ಬಲಗಾಲಿನ ಜೊತೆಗೆ ಮಾತೂ ಹೋಗಬಹುದು. ಮಾವನ ಮಗ ಇದನ್ನು ಫೋನಿನಲ್ಲಿ ಓದಿ ನನಗೆ ಹೇಳಿದಾಗ ಕೈಕಾಲಿನ ವಿಷಯ ನನ್ನ ಕಿವಿಗೆ ಬೀಳಲೇ ಇಲ್ಲ. ಮಾತಿಲ್ಲದ ಮಾವ ಎಂದರೆ ಏನು ಎಂದು ಊಹಿಸಲು ಹೋಗಿ, ಆಗದೆ, ಫೋನ್ ಇಟ್ಟುಬಿಟ್ಟೆ.

ಮಗ ಅಪಾರ್ಟ್‌ಮೆಂಟು ಕಟ್ಟಿಸುವವನು. ಅವನ ಪ್ರಕಾರ ಇದು ಯೋಚನೆ ಮಾಡುವ ವಿಷಯವೇ ಅಲ್ಲ.

"ಮೇಡಂ, ಸಿಂಪಲ್. ಪೈಪ್ ಬ್ಲಾಕ್ ಆಗಿದೆ. ಕ್ಲೀನ್ ಮಾಡ್ಬಿಡಿ. ಇವತ್ತೇ ಅಡ್ಮಿಟ್ ಮಾಡ್ತೀವಿ."

ಡಾಕ್ಟರಮ್ಮ ನಕ್ಕರು. "ನೀವು ಬಿಲ್ಡಿಂಗ್ ಕಟ್ಟೋರಾ?"

"ಹೌದು ಮೇಡಂ, ಹೇಗೆ ಗೊತ್ತಾಯ್ತು?"

"ಪೈಪ್ ಅಂದ್ರಲ್ಲ. ಈ ಪೈಪ್ ತೆಗೆಯೋವಾಗ ನೀರು ಜಾಸ್ತಿ ಹೊತ್ತು ನಿಲ್ಸಕ್ಕಾಗಲ್ಲ ಸರ್, ಅದೇ ತೊಂದ್ರೆ. ಕ್ಲೀನ್ ಮಾಡಕ್ಕೆ ಹೋದಾಗ್ಲೇ ಚೂರು ಕಿತ್ಕೊಂಡು ಮೇಲೆ ಹೋಗ್ಬಹುದು. ಯಾವ್ದಕ್ಕೆ ಹೆದರಿ ಆಪರೇಷನ್ ಮಾಡ್ತೀವೋ ಅದೇ ಆಪರೇಷನ್ನಿಂದ ಆಗ್ಬಹುದು. ಅದಕ್ಕೇ ಎರಡು ಕಡೆ ತೂಗ್ಬೇಕು. ಸುಮ್ನೆ ಬಿಟ್ರೆ ಅಪಾಯ ಎಷ್ಟು, ಕೈ ಹಾಕಿದ್ರೆ ಅಪಾಯ ಎಷ್ಟು. ಸ್ಕ್ಯಾನಿನ ಚಿತ್ರ ಒಂದೇ ನೋಡಿ ಅದನ್ನ ಹೇಳಕ್ಕಾಗಲ್ಲ. ಯಜಮಾನ್ರನ್ನ ಕೇಳ್ಬೇಕು."

ಆಮೇಲೆ ಕುರ್ಚಿಯನ್ನು ಮಾವನ ಕಡೆ ಎಳೆದುಕೊಂಡು ಶುರುಮಾಡಿದರು. ಬೀಡಿ ಎಷ್ಟು ವರ್ಷ ಸೇದಿದಿರಿ, ಯಾವಾಗ ಬಿಟ್ಟಿರಿ. ಮೆಟ್ಟಿಲು ಹತ್ತಿದರೆ ಎದೆ ಹಿಡಿಯುತ್ತದೆಯೇ. ಮಲಗಿದರೆ ಕೆಮ್ಮು ಬರುತ್ತದೆಯೇ. ಯಾವ ಮಾತ್ರೆ, ಯಾವ ಹೊತ್ತು, ಎಷ್ಟು ಸಲ ಮರೆಯುತ್ತೀರಿ. ನಾನು ಬಹಳ ಡಾಕ್ಟರುಗಳನ್ನು ನೋಡಿದ್ದೇನೆ. ಪ್ರಶ್ನೆ ಕೇಳಿ ಉತ್ತರ ಬರುವ ಮೊದಲೇ ಬರೆಯುವವರು ಇದ್ದಾರೆ. ಈಕೆ ಉತ್ತರ ಮುಗಿಯುವವರೆಗೆ ಪೆನ್ನು ಮುಟ್ಟುತ್ತಿರಲಿಲ್ಲ. ಮಾವನಂಥವರ ಉತ್ತರ ಮುಗಿಯುವುದೆಂದರೆ ಸಣ್ಣ ಮಾತಲ್ಲ. ಬೀಡಿ ಬಿಟ್ಟದ್ದನ್ನು ಹೇಳಲು ಅವರು ಬೀಡಿ ಕಲಿಸಿದವನ ಅಜ್ಜನಿಂದ ಹಿಡಿದರು.

"ಇದ್ದಕ್ಕಿದ್ದಂಗೆ ಕೈಯೋ ಕಾಲೋ ಸೋತಿದ್ದುಂಟಾ?"

"ಇಲ್ಲ ಕಣವ್ವಾ."

"ಮಾತು ತೊದಲಿದ್ದು?"

"ಮಾತಾ!" ಮಗ ನಕ್ಕ. "ಅದೊಂದು ನಿಂತಿದ್ದು ನಾವು ನೋಡೇ ಇಲ್ಲ ಮೇಡಂ."

"ಕಣ್ಣು ಮಂಜಾಗಿದ್ದು?"

"ಇಲ್ಲ. ಕಣ್ಣು ಚೆನ್ನಾಗೈತೆ."

ಡಾಕ್ಟರಮ್ಮ ಸ್ವಲ್ಪ ಹೊತ್ತು ಕಾಗದ ನೋಡಿ ಹೇಳಿದರು. "ನೋಡಿ ಯಜಮಾನ್ರೇ, ಇದುವರೆಗೆ ಇದು ನಿಮಗೇನೂ ತೊಂದ್ರೆ ಕೊಟ್ಟಿಲ್ಲ ಅಂದ್ರೆ, ನಿಮ್ಮ ವಯಸ್ಸು, ಸಕ್ಕರೆ, ಬೀಡಿ ಕುಡಿದ ಶ್ವಾಸಕೋಶ ಎಲ್ಲಾ ಸೇರಿಸಿದ್ರೆ, ನಾನು ಕತ್ತಿಗೆ ಕೈ ಹಾಕಲ್ಲ. ಒಳ್ಳೇ ಮಾತ್ರೆ ಇವೆ. ರಕ್ತ ತೆಳುವಾಗಕ್ಕೆ, ಕೊಬ್ಬು ಇಳಿಯಕ್ಕೆ. ಆರು ತಿಂಗಳಿಗೊಂದ್ಸಲ ಸ್ಕ್ಯಾನ್ ನೋಡೋಣ."

ಮಗನ ಮುಖ ಇಳಿಯಿತು. ನನಗೆ ಉಸಿರು ಬಂತು. ಮಾವ ಟವಲು ಸರಿಮಾಡಿಕೊಂಡು ಏಳುವ ಸನ್ನಾಹದಲ್ಲಿದ್ದರು.

ಆಗ ಅತ್ತೆ, ಬೆನ್ನು ತಿರುಗಿಸಿಯೇ, ಗೋಡೆಯ ಕ್ಯಾಲೆಂಡರಿಗೆ ಹೇಳುವವರ ಹಾಗೆ ಹೇಳಿದರು: "ಕಣ್ಣು ಚೆನ್ನಾಗೈತಂತೆ. ಅವತ್ತು ನನ್ನ ಸುಣ್ಣದಿಂದ ಕಣ್ಣೇ ಓಯ್ತು ಅಂತ ಕೂಗಾಡಿದ್ಯಾರೋ ಕಾಣೆ."

"ಏ ಇವ್ಳೇ, ಸುಮ್ಕಿರೇ. ಅದು ಬ್ಯಾರೆ. ಅದು ಬೋರ್ಡೋ."

ಡಾಕ್ಟರಮ್ಮನ ಕೈ ಕಾಗದದ ಮೇಲೆ ನಿಂತಿತು. "ಬೋರ್ಡೋ ಅಂದ್ರೆ?"

ಬೋರ್ಡೋ ಅಂದರೆ ದ್ರಾಕ್ಷಿಗೆ ಬೂಜು ರೋಗ ಬಾರದಂತೆ ಹೊಡೆಯುವ ಔಷಧ. ಮೈಲುತುತ್ತ ಒಂದು ಕಡೆ, ಸುಣ್ಣ ಒಂದು ಕಡೆ ನೀರಿಗೆ ಹಾಕಿ ಆಮೇಲೆ ಎರಡನ್ನೂ ಕೂಡಿಸಬೇಕು. ಹದ ತಪ್ಪಿದರೆ ಎಲೆ ಸುಡುತ್ತದೆ. ಹದ ಸರಿಯಾಗಿದೆಯೇ ಎಂದು ನೋಡಲು ಕುಡುಗೋಲಿನ ತುದಿಯನ್ನು ಅದರಲ್ಲಿ ಅದ್ದುತ್ತಾರೆ. ಕಬ್ಬಿಣದ ಮೇಲೆ ಕೆಂಪಗೆ ತಾಮ್ರ ಕೂತರೆ ಸುಣ್ಣ ಸಾಲದು ಎಂದು ಅರ್ಥ. ನಮ್ಮ ಮನೆಯಲ್ಲಿ ನಲವತ್ತು ವರ್ಷದಿಂದ ಕಲಸುವುದು ಅತ್ತೆಯ ಕೆಲಸ, ಹೊಡೆಯುವುದು ಮಾವನ ಕೆಲಸ. ಚಪ್ಪರ ತಲೆಯ ಮೇಲಿರುವುದರಿಂದ ಹೊಡೆಯುವವನ ಮುಖಕ್ಕೆ ನೀಲಿ ಹನಿ ಬೀಳುವುದು ಮಾಮೂಲು. ಇದನ್ನೆಲ್ಲ ಅತ್ತೆ ಒಂದೇ ಉಸಿರಿಗೆ ಹೇಳಿದರು, ಕೊನೆಗೆ ಪೂರ್ತಿ ಇತ್ತ ತಿರುಗಿ:

"ಅವತ್ತು ಚಪ್ಪರದಿಂದ ಬಂದೋರೇ ಕಣ್ಣು ಕಾಣ್ತಿಲ್ಲ, ಸುಣ್ಣ ಕಮ್ಮಿ ಆಕಿದ್ದೀಯ, ನನ್ನ ಕುಲ್ಡನ್ ಮಾಡ್ಬುಟ್ಟೆ ಅಂತ ಊರೆಲ್ಲಾ ಕೇಳೋಂಗೆ ಕೂಗಿದ್ರು ಡಾಕ್ಟ್ರಮ್ಮಾ. ಪಕ್ಕದ ಅಪಾರ್ಟ್‌ಮೆಂಟ್ನೋರು ಬಾಲ್ಕನಿಗೆ ಬಂದು ನೋಡಿದ್ರು. ನಾನು ಕುಡುಗೋಲು ಅದ್ದಿ ನೋಡಿದ್ದೆ. ಒಂದ್ ಸಲ ಅಲ್ಲ, ಎಲ್ಡ್ ಸಲ."

"ಯಾವತ್ತು ಇದು?"

"ಇವತ್ತಿಗೆ ಅತ್ತು ದಿನ."

"ಯಜಮಾನ್ರೇ, ಕಣ್ಣು ಉರೀತಾ?"

ಮಾವ ಯೋಚಿಸಿದರು. "ಉರೀಲಿಲ್ಲ."

"ಕೆಂಪಾಯ್ತಾ? ನೀರು ಬಂತಾ?"

"ಇಲ್ಲ."

"ಕನ್ನಡಕ ಹಾಕಿದ್ರಾ?"

ಇದಕ್ಕೆ ಅತ್ತೆ ಉತ್ತರ ಕೊಟ್ಟರು. "ಆಕಿದ್ರು. ನಾನೇ ಆಮೇಲೆ ಒರೆಸ್ದೆ. ಗಾಜಿನ ತುಂಬಾ ನೀಲಿ ಚುಕ್ಕೆ ಇತ್ತು, ಒಳಗಡೆ ಒಂದೂ ಇರ್ಲಿಲ್ಲ."

"ಎರಡೂ ಕಣ್ಣಾ, ಒಂದೇನಾ?"

"ಒಂದೇ, ಎಡಗಣ್ಣು," ಎಂದರು ಮಾವ.

"ಹೆಂಗೆ ಗೊತ್ತು ಒಂದೇ ಅಂತ? ತುಂಬಾ ಜನಕ್ಕೆ ಅದು ಗೊತ್ತಾಗಲ್ಲ."

ಮಾವ ಕೂತಲ್ಲೇ ಎಡಗಣ್ಣು ತೆರೆದು ಬಲಗಣ್ಣು ಮುಚ್ಚಿ, ಹೆಬ್ಬೆರಳನ್ನು ಮುಂದೆ ಹಿಡಿದು ತೋರಿಸಿದರು. ಚಪ್ಪರದ ಕಲ್ಲುಕಂಬಗಳು ಸಾಲಿಗೆ ನೆಟ್ಟಗಿವೆಯೇ ಎಂದು ಎಲ್ಲರೂ ನೋಡುವುದು ಹಾಗೆಯೇ. "ಮೂಲೇಲಿ ಒಂದು ಕಂಬ ವಾಲಿತ್ತು ಅಂತ ಇಂಗೆ ನೋಡ್ದೆ. ಮೇಲಿಂದ ಪರದೆ ಇಳಿದಂಗೆ ಇಳೀತು. ಕಂಬಾನೂ ಇಲ್ಲ, ಬಳ್ಳೀನೂ ಇಲ್ಲ. ಈ ಬಲಗಣ್ಣು ಬಿಟ್ಟೆ, ಎಲ್ಲಾ ಐತೆ. ಬಿಸಿ ಕಾಫಿ ಆರೋಷ್ಟೊತ್ತಿಗೆ ಪರದೆ ಮೇಲೆ ಓಯ್ತು."

ಡಾಕ್ಟರಮ್ಮ ತಾವು ಬರೆದಿದ್ದ ಹಾಳೆಯನ್ನು ತೆಗೆದು, ಎರಡು ಗೀಟು ಎಳೆದು, ಪಕ್ಕಕ್ಕಿಟ್ಟರು.

"ಐದು ನಿಮಿಷದ ಹಿಂದೆ ನಾನು ಹೇಳಿದ್ದನ್ನ ಮರೆತುಬಿಡಿ. ಅದು ಈಗ ತಪ್ಪು," ಎಂದರು.

ನನಗೆ ಅವರ ಮೇಲೆ ಮೊದಲು ಗೌರವ ಹುಟ್ಟಿದ್ದು ಆ ಮಾತಿಗೆ. ತಪ್ಪು ಎನ್ನುವ ಪದವನ್ನು ಯಾವ ಅಲಂಕಾರವೂ ಇಲ್ಲದೆ, ನಾಲ್ಕು ಜನರ ಮುಂದೆ, ಲೋಟ ಪಕ್ಕಕ್ಕೆ ಸರಿಸಿದಷ್ಟು ಸಲೀಸಾಗಿ ಹೇಳಿದರು.

ಅವರು ವಿವರಿಸಿದ್ದು ಇದು. ಕಣ್ಣಿಗೆ ರಕ್ತ ಹೋಗುವುದೂ ಅದೇ ಎಡಗಡೆಯ ನಾಳದಿಂದ. ಒಂದು ಸಣ್ಣ ಚೂರು ಕಳಚಿ, ಪುಣ್ಯಕ್ಕೆ ಮಿದುಳಿಗೆ ಹೋಗದೆ ಕಣ್ಣಿನ ಕಡೆ ಹೋಗಿದೆ, ಕರಗಿದೆ. ಕಣ್ಣಿಗೆ ಬಂದದ್ದು ಮಿದುಳಿಗೇ ಬಂದದ್ದಕ್ಕಿಂತ ಸ್ವಲ್ಪ ಸೌಮ್ಯ. ಆದರೆ ಒಂದು ಸಲ ಚೂರು ಬಿಟ್ಟ ನಾಳ ಮತ್ತೆ ಬಿಡುವ ಸಾಧ್ಯತೆ ಮೊದಲ ಕೆಲವು ವಾರ ಹೆಚ್ಚು. ಆಪರೇಷನ್ನಿನಿಂದ ಲಾಭ ಹೆಚ್ಚಿರುವುದೂ ಆಗಲೇ. ತಿಂಗಳುಗಟ್ಟಲೆ ಕಳೆದರೆ ಲಾಭ ಕಡಿಮೆಯಾಗುತ್ತ ಹೋಗುತ್ತದೆ. "ಸ್ಕ್ಯಾನಿನ ಚಿತ್ರ ಅದೇ. ಮನುಷ್ಯರೂ ಅವರೇ. ಆದ್ರೆ ತಕ್ಕಡಿ ಇತ್ಲಾಗೆ ವಾಲಿದೆ," ಎಂದು ಅತ್ತೆಯ ಕಡೆ ನೋಡಿದರು. "ನೀವು ಬಾಯಿ ಬಿಡದೇ ಇದ್ದಿದ್ರೆ ನಾನು ಇವರನ್ನ ಮಾತ್ರೆ ಕೊಟ್ಟು ಕಳಿಸ್ಬಿಡ್ತಿದ್ದೆ ಅಮ್ಮ."

ಅತ್ತೆಗೆ ಅದು ಅರ್ಧವೇ ಕೇಳಿಸಿತೆಂದು ಕಾಣುತ್ತದೆ. "ಅಂಗಾದ್ರೆ ಸುಣ್ಣದ್ದಲ್ಲ?" ಎಂದರು.

"ಸುಣ್ಣದ್ದಲ್ಲ."

ಅತ್ತೆ ಗಂಡನ ಕಡೆ ನೋಡಿದ ನೋಟ ನಾನು ಬಲ್ಲೆ. ಆದರೆ ಅರ್ಧ ನೋಟದಲ್ಲೇ ಅವರ ಕಣ್ಣು ತುಂಬಿತು. ಸುಣ್ಣದ್ದಾಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಆಗ ಹೊಳೆಯಿತೋ ಏನೋ.

ಅವತ್ತೇ ಕಣ್ಣಿನ ಡಾಕ್ಟರಿಗೆ ತೋರಿಸಿದರು, ಔಷಧದ ಗಾಯವೇನೂ ಇಲ್ಲ ಎಂದಾಯಿತು. ಮಿದುಳಿನ ಸ್ಕ್ಯಾನು, ಎದೆಯ ಸ್ಕ್ಯಾನು ಆಯಿತು. ಮಾತ್ರೆಗಳನ್ನು ಆ ದಿನವೇ ಶುರುಮಾಡಿಸಿ, ಮಾರನೆಯ ಬೆಳಿಗ್ಗೆ ಮತ್ತೆ ಬರಲು ಹೇಳಿದರು. "ಯೋಚನೆ ಮಾಡ್ಕೊಂಡು ಬನ್ನಿ. ಆದ್ರೆ ವಾರಗಟ್ಟಲೆ ಯೋಚನೆ ಮಾಡೋ ವಿಷಯ ಅಲ್ಲ."

ಸಂಜೆ ಮಾವನ ಮನೆಯ ಜಗಲಿಯಲ್ಲಿ ಕೂತೆವು. ಮಗ ಫೋನಿನಲ್ಲಿ ಓದಿ ಓದಿ ಹೇಳುತ್ತಿದ್ದ. ಅತ್ತೆ ಊರಮ್ಮನ ಗುಡಿಯಲ್ಲಿ ಹೂವು ಕೇಳಿಕೊಂಡು ಬರುತ್ತೇನೆ ಎಂದು ಎದ್ದರು. ದೇವಿಯ ಬಲಗಡೆಯ ಹೂವು ಬಿದ್ದರೆ ಆಗಲಿ, ಎಡಗಡೆಯದು ಬಿದ್ದರೆ ಬೇಡ.

"ಕೇಳೇ, ಬ್ಯಾಡ ಅಂದೋರ್ಯಾರು," ಎಂದರು ಮಾವ. "ಆದ್ರೆ ಒಂದು. ಆ ಡಾಕ್ಟ್ರಮ್ಮ ಕೇಳಿದಷ್ಟು ಪ್ರಶ್ನೆ ಊರಮ್ಮನೂ ನನ್ನ ಕೇಳಿರ್ಲಿಲ್ಲ."

ಅತ್ತೆ ಹೋಗಿ ಬಂದರು. ಹೂವು ಎತ್ತ ಬಿತ್ತೆಂದು ಹೇಳಲಿಲ್ಲ. ಇವತ್ತಿನವರೆಗೂ ಹೇಳಿಲ್ಲ.

ಮಾರನೆಯ ಬೆಳಿಗ್ಗೆ ಡಾಕ್ಟರಮ್ಮ ಒಂದು ಹಾಳೆ ಸಿದ್ಧಮಾಡಿ ಇಟ್ಟಿದ್ದರು. ಅದರಲ್ಲಿ ಒಂದು ಚೌಕದ ತುಂಬ ಸಾಲಾಗಿ ನೂರು ಸಣ್ಣ ಸೊನ್ನೆಗಳು. ಪಕ್ಕದಲ್ಲಿ ಅಂಥದೇ ಇನ್ನೊಂದು ಚೌಕ. "ನಿಮ್ಮಂಥೋರು ನೂರು ಜನ ಅಂದ್ಕೊಳ್ಳಿ. ಇದೇ ವಯಸ್ಸು, ಇದೇ ಸಕ್ಕರೆ, ಇದೇ ಕತ್ತು, ಇದೇ ಪರದೆ ಇಳಿದ ಕಣ್ಣು. ಈ ಚೌಕ ಬರೀ ಮಾತ್ರೆ ತಗೊಂಡೋರದ್ದು. ಈ ಚೌಕ ಮಾತ್ರೆ ಜೊತೆಗೆ ಆಪರೇಷನ್ನೂ ಮಾಡಿಸ್ಕೊಂಡೋರದ್ದು." ಮುಡಿಯಿಂದ ಪೆನ್ಸಿಲ್ ತೆಗೆದು, ಪಾರ್ಶ್ವವಾಯು ಬರಬಹುದಾದಷ್ಟು ಸೊನ್ನೆಗಳನ್ನು ಒಂದೊಂದಾಗಿ ಕಪ್ಪು ಮಾಡಿದರು, ಮೊದಲು ಅಲ್ಲಿ, ಆಮೇಲೆ ಇಲ್ಲಿ. ಎಷ್ಟೆಷ್ಟು ಎಂದು ನಾನು ಬರೆಯುವುದಿಲ್ಲ. ಅದು ಮಾವನ ಕತ್ತಿನ ಲೆಕ್ಕ. ಇನ್ನೊಬ್ಬರ ಕತ್ತಿಗೆ ಅದು ಹೊಂದುವುದಿಲ್ಲ ಎಂದು ಡಾಕ್ಟರಮ್ಮನೇ ಎರಡು ಸಲ ಹೇಳಿದ್ದರು. ಮಾತ್ರೆಯ ಚೌಕದಲ್ಲಿ ಕಪ್ಪು ಹೆಚ್ಚಿತ್ತು, ಆಪರೇಷನ್ನಿನದರಲ್ಲಿ ಕಡಿಮೆಯಿತ್ತು, ಆದರೆ ಇರಲೇ ಇಲ್ಲವೆಂದಲ್ಲ. ಎರಡರಲ್ಲೂ ಬಿಳಿ ಸೊನ್ನೆಗಳೇ ಬಹಳ.

ಮಾವ ಹಾಳೆಯನ್ನು ಹತ್ತಿರಕ್ಕೆ ಎಳೆದುಕೊಂಡು, ಬಳ್ಳಿಯಲ್ಲಿ ಚಿಗುರೊಡೆಯುವ ಕಣ್ಣು ಎಣಿಸುವವರ ಹಾಗೆ ಬೆರಳು ಇಟ್ಟು ಎಣಿಸಿದರು.

"ಈ ಆಪರೇಷನ್ ಕಡೆ ಕಪ್ಪಾಗಿರೋರು, ಅವರಿಗೆ ಯಾವಾಗ ಆಗ್ತದೆ?"

"ಹೆಚ್ಚಿನೋರಿಗೆ ಆಪರೇಷನ್ ದಿನಾನೇ, ಇಲ್ಲಾಂದ್ರೆ ಅದರ ಹಿಂದೆ ಮುಂದೆ. ಸುಳ್ಳು ಹೇಳಲ್ಲ. ಈ ಅಪಾಯ ಮುಂಗಡ ಬರುತ್ತೆ. ಲಾಭ ಆಮೇಲೆ ನಿಧಾನಕ್ಕೆ."

"ನಿಮ್ ಕೈಯಲ್ಲಿ ಎಷ್ಟ್ ಜನಕ್ಕೆ ಆಗೈತೆ?"

"ಅಪ್ಪಾ!" ಮಗನಿಗೆ ಮುಖ ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ. "ಹಂಗೆಲ್ಲಾ ಕೇಳ್ತಾರಾ? ಸಾರಿ ಮೇಡಂ."

"ಕೇಳ್ಬೇಕಾದ್ದೇ ಅದು," ಎಂದರು ಡಾಕ್ಟರಮ್ಮ. ಕಂಪ್ಯೂಟರನ್ನು ನಮ್ಮ ಕಡೆ ತಿರುಗಿಸಿ, ತಾವು ಮಾಡಿದ ಆಪರೇಷನ್ನುಗಳ ಪಟ್ಟಿ ತೆಗೆದರು. ಹೆಸರುಗಳಿರಲಿಲ್ಲ, ವಯಸ್ಸು ಮಾತ್ರ. ಎಷ್ಟು ಮಾಡಿದ್ದೇನೆ, ಎಷ್ಟು ಜನಕ್ಕೆ ತೊಂದರೆಯಾಯಿತು ಎಂದು ಹೇಳಿದರು. ಹಾಗೆ ತೊಂದರೆಯಾದವರಲ್ಲಿ ಕೊನೆಯವರ ವಿಷಯ ಹೇಳುವಾಗ ಸ್ವಲ್ಪ ನಿಧಾನ ಮಾಡಿದರು. "ಇವರಿಗೆ ಮಾಡಬಾರದಿತ್ತು ಅಂತ ಈಗ ಅನ್ಸುತ್ತೆ. ಹೃದಯ ಅಷ್ಟು ಗಟ್ಟಿ ಇರ್ಲಿಲ್ಲ. ಅದಕ್ಕೇ ನಿನ್ನೆ ನಿಮ್ಮ ಎದೆ ಸ್ಕ್ಯಾನ್ ಮಾಡ್ಸಿದ್ದು."

ಮಾವ ತಲೆ ಆಡಿಸಿದರು. ತೋಟಕ್ಕೆ ಕಸಿ ಗಿಡ ತರುವಾಗ, ಸತ್ತ ಗಿಡ ಎಷ್ಟು ಎಂದು ಹೇಳದವನ ಹತ್ತಿರ ಅವರು ಎಂದೂ ತರುತ್ತಿರಲಿಲ್ಲ. ಅವರ ಆ ತಲೆಯಾಡಿಸುವಿಕೆ ನನಗೆ ಆಗಲೇ ಉತ್ತರದ ಹಾಗೆ ಕಂಡಿತು.

ಆದರೆ ಡಾಕ್ಟರಮ್ಮ ಮುಗಿಸಿರಲಿಲ್ಲ. "ಇನ್ನೊಂದಿದೆ. ಈ ಸೊನ್ನೆಗಳಲ್ಲಿ ಅದು ಬಂದಿಲ್ಲ. ಕತ್ತಲ್ಲಿ ಆ ನಾಳದ ಪಕ್ಕದಲ್ಲೇ ನಾಲಿಗೆಗೆ, ಧ್ವನಿಗೆ ಹೋಗೋ ನರಗಳಿವೆ. ಎಷ್ಟು ಜೋಪಾನ ಮಾಡಿದ್ರೂ ಕೆಲವೊಂದ್ಸಲ ನೋಯುತ್ತೆ. ಧ್ವನಿ ಒರಟಾಗ್ಬಹುದು. ಸುಮಾರು ಜನಕ್ಕೆ ಸ್ವಲ್ಪ ದಿನದಲ್ಲಿ ಸರಿಹೋಗುತ್ತೆ, ಎಲ್ಲರಿಗೂ ಅಂತ ಹೇಳಕ್ಕಾಗಲ್ಲ. ನೀವು ಮಾತಾಡೋ ಮನುಷ್ಯ ಅಂತ ನಿನ್ನೇನೇ ಗೊತ್ತಾಯ್ತು. ಹಾಗಾಗಿ ಇದನ್ನ ನಿಮಗೆ ಬೇರೆಯಾಗೇ ಹೇಳ್ತಿದ್ದೀನಿ."

ಮಾವ ಟವಲಿನ ಅಂಚನ್ನು ಬೆರಳಿಗೆ ಸುತ್ತಿಕೊಂಡರು. ಒಂದು ಕಡೆ, ಬಿಟ್ಟರೆ ಮಾತೇ ಹೋಗಬಹುದು. ಇನ್ನೊಂದು ಕಡೆ, ಮಾಡಿಸಿದರೆ ಧ್ವನಿ ಹೋಗಬಹುದು. ನಾನು ಅವರ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದೆ.

"ಬರೀ ಸ್ಟೆಂಟ್ ಹಾಕಿದ್ರೆ? ಕತ್ತೇ ಕುಯ್ಯೋದು ಬೇಕಾಗಲ್ವಲ್ಲ," ಎಂದ ಮಗ.

"ಇವರ ವಯಸ್ಸಿಗೆ, ಇವರ ನಾಳ ತಿರುಚ್ಕೊಂಡಿರೋ ರೀತಿಗೆ, ಸ್ಟೆಂಟಿನಲ್ಲಿ ಪಾರ್ಶ್ವವಾಯುವಿನ ಅಪಾಯ ಜಾಸ್ತಿ. ಐವತ್ತೈದರೋರು ಬಂದಿದ್ರೆ ಬೇರೆ ಮಾತು."

ಮಾವ ಟವಲಿನ ಅಂಚು ಬಿಟ್ಟರು. "ಧ್ವನಿ ಒರಟಾದ್ರೆ ಮಾತು ಇರ್ತದಲ್ಲ?"

"ಇರುತ್ತೆ."

"ಕಾಗೆ ಕೂಗ್ದಂಗೆ ಆದ್ರೂ ನಾನು ಅಂದಿದ್ದು ಇವ್ಳಿಗೆ ತಿಳೀತದಲ್ಲ?"

"ಈಗ್ಲೂ ಅಂಗೇ ಐತೆ ಬಿಡಿ," ಎಂದರು ಅತ್ತೆ. ಹತ್ತು ದಿನದಲ್ಲಿ ಅವರು ಗಂಡನಿಗೆ ನೇರವಾಗಿ ಆಡಿದ ಮೊದಲ ಮಾತು ಅದು.

"ಅಂಗಾದ್ರೆ ಮಾಡವ್ವಾ," ಎಂದರು ಮಾವ. "ಒಣಗಿದ ಕಡ್ಡಿ ಇಟ್ಕೊಂಡು ಕಾಯೋದು ನನ್ನ ಕೈಲಾಗಲ್ಲ."

ಎರಡು ದಿನದ ಮೇಲೆ ಆಪರೇಷನ್ ಆಯಿತು. ಶ್ವಾಸಕೋಶದ ವಿಚಾರವನ್ನೂ ತೂಗಿ, ಪೂರ್ತಿ ಮಂಪರು ಬೇಡ, ಕತ್ತನ್ನು ಮಾತ್ರ ಮರಗಟ್ಟಿಸುತ್ತೇವೆ ಎಂದಿದ್ದರು. ಎಚ್ಚರವಾಗಿಯೇ ಇರಬೇಕು, ಮಾತಾಡುತ್ತಲೂ ಇರಬೇಕು. ನಾಳವನ್ನು ಕೊಂಚ ಹೊತ್ತು ಕ್ಲಿಪ್ ಹಾಕಿ ಕಟ್ಟಿದಾಗ ಮಿದುಳಿಗೆ ಬೇರೆ ದಾರಿಯಿಂದ ರಕ್ತ ಸಾಕಾಗುತ್ತಿದೆಯೋ ಇಲ್ಲವೋ ಎಂದು ತಿಳಿಯುವುದು ಅವರ ಮಾತಿನಿಂದಲೇ. ಮಾತು ತಡವರಿಸಿದರೆ ತಕ್ಷಣ ಒಂದು ಸಣ್ಣ ಕೊಳವೆ ಇಟ್ಟು ರಕ್ತ ಹಾಯಿಸುತ್ತಾರೆ. ಕೈಯ ಬಲ ತಿಳಿಯಲು ಬಲಗೈಯಲ್ಲಿ ಹಿಸುಕುವಂತೆ ಮಕ್ಕಳ ಪೀಪಿ ಗೊಂಬೆಯೊಂದನ್ನೂ ಕೊಡುತ್ತಾರಂತೆ. "ನಿಮ್ಮಂಥ ಪೇಷೆಂಟು ಸಿಗೋದೇ ಅಪರೂಪ," ಎಂದು ಡಾಕ್ಟರಮ್ಮ ಹಿಂದಿನ ದಿನ ನಕ್ಕಿದ್ದರು. "ಎಷ್ಟೋ ಜನರನ್ನ ಮಾತಾಡ್ಸೋಕೆ ನಾವು ಒದ್ದಾಡ್ತೀವಿ."

ಹೊರಗೆ ನಾವು ಮೂವರು ಸಾಲು ಕುರ್ಚಿಯಲ್ಲಿ ಕೂತಿದ್ದೆವು. ಬಾಗಿಲ ಸದ್ದಾದಾಗಲೆಲ್ಲ ಮಗ ಎದ್ದು ನಿಲ್ಲುತ್ತಿದ್ದ. ಅತ್ತೆ ತಿಂಡಿ ಡಬ್ಬಿ ತೆರೆದು, ಚಿತ್ರಾನ್ನ ಇದೆಯೇ ಎಂದು ನೋಡಿ, ಮುಚ್ಚುತ್ತಿದ್ದರು. ಯಾರೂ ತಿನ್ನಲಿಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ, ಆ ಬಾಗಿಲ ಆಚೆ ಮಾವ ಮಾತಾಡುತ್ತಿದ್ದಾರೆ, ಅದು ನಿಂತರೆ ಕೆಟ್ಟದ್ದು ಎನ್ನುವುದೊಂದೇ ತಲೆಯಲ್ಲಿತ್ತು. ಕಿವಿಗೆ ಏನೂ ಕೇಳಿಸುವಂತಿರಲಿಲ್ಲ. ಆದರೂ ಕೇಳುತ್ತಿದ್ದೆ.

ಮಧ್ಯಾಹ್ನದ ಹೊತ್ತಿಗೆ ಡಾಕ್ಟರಮ್ಮ ಹೊರಗೆ ಬಂದರು. ತಲೆಗೆ ಹಾಕಿದ್ದ ಟೋಪಿ ಅರ್ಧ ಜಾರಿತ್ತು.

"ಚೆನ್ನಾಗಾಯ್ತು. ಕೈ ಆಡ್ತಿದೆ, ಕಾಲು ಆಡ್ತಿದೆ. ಕೊಳವೆ ಇಡೋ ಪ್ರಸಂಗಾನೇ ಬರ್ಲಿಲ್ಲ, ಅಷ್ಟು ಮಾತಾಡಿದ್ರು. ಒಬ್ಬ ಜಿಪುಣ ಮನೆ ಒಳಗೆ ಮರ ನೆಟ್ಟ ಕಥೆ ಕೇಳಿ ನಮ್ಮ ಸಿಸ್ಟರಿಗೆ ನಗು ತಡೆಯಕ್ಕಾಗ್ಲಿಲ್ಲ, ಗದರ್ಬೇಕಾಯ್ತು." ಆಮೇಲೆ ಅತ್ತೆಯ ಹತ್ತಿರ ಬಂದು ಅವರ ಕೈ ಹಿಡಿದರು. "ಅಮ್ಮ, ನಾಳ ಕಟ್ಟಿದ್ದೆವಲ್ಲ, ಆ ಹೊತ್ತಲ್ಲಿ ಏನಾದ್ರೂ ಹೇಳ್ತಾನೇ ಇರಿ ಅಂದೆ. ಸುಣ್ಣ ಸರಿಯಾಗೇ ಇತ್ತು ಅಂತ ನನ್ನ ಎಂಡ್ತಿಗೆ ಹೇಳಿ ಅಂದ್ರು. ಮತ್ತೆ ಮತ್ತೆ ಅಂದ್ರು. ನಾನೇ ಹೇಳ್ತೀನಿ ಅಂತ ಒಪ್ಕೊಂಡ ಮೇಲೇ ಬೇರೆ ವಿಷಯಕ್ಕೆ ಹೋಗಿದ್ದು."

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು. "ಅದನ್ನ ಮನೇಲೇ ಹೇಳಕ್ಕೇನಾಗಿತ್ತು ಈ ಮನುಷ್ಯಂಗೆ," ಎಂದು ಡಬ್ಬಿ ತೆರೆದು, ಮೊದಲ ತುತ್ತನ್ನು ಡಾಕ್ಟರಮ್ಮನ ಅಂಗೈಗೇ ಹಾಕಿದರು. ಆಕೆ ನಿಂತಲ್ಲೇ ತಿಂದರು.

ಧ್ವನಿ ಒರಟಾಗಿಯೇ ಆಯಿತು. ಮೊದಲ ಮೂರು ವಾರ ಮಾವ ಮಾತಾಡಿದರೆ ತಗಡಿನ ಮೇಲೆ ಮರಳು ಎಳೆದ ಹಾಗಿತ್ತು. ಫೋನಿನಲ್ಲಿ ನನಗೆ ಗುರುತು ಹತ್ತಲಿಲ್ಲ, "ಯಾರು ಮಾತಾಡ್ತಿರೋದು?" ಎಂದು ಕೇಳಿಬಿಟ್ಟೆ. "ಸೇತುವೆ ಮೇಲೆ ಬೇರು ಬಿಟ್ಟೋನು ಕಣಮ್ಮಾ," ಎಂದಿತು ಆ ಮರಳಿನ ಧ್ವನಿ. ಆಮೇಲಾಮೇಲೆ ಅದು ತಿಳಿಯಾಗುತ್ತ ಬಂತು. ಪೂರ್ತಿ ಮೊದಲಿನ ಹಾಗಾಗಿಲ್ಲ, ಎತ್ತರದ ದನಿಯಲ್ಲಿ ಕರೆಯಲು ಹೋದರೆ ಒಡೆಯುತ್ತದೆ. ಮಾತ್ರೆಗಳನ್ನು ಅತ್ತೆ ಎಣಿಸಿ ಕೊಡುತ್ತಾರೆ. ಸ್ಕ್ಯಾನಿಗೆ ಹೇಳಿದ ದಿನ ಹೋಗುತ್ತಾರೆ.

ಮುಂದಿನ ಬೆಳೆಗೆ ಬೋರ್ಡೋ ಹೊಡೆಯುವ ದಿನ ನಾನೂ ತೋಟಕ್ಕೆ ಹೋಗಿದ್ದೆ. ಅತ್ತೆ ಕಲಸಿ, ಕುಡುಗೋಲು ಅದ್ದಿ, ತುದಿಯನ್ನು ಮಾವನ ಮುಖದ ಹತ್ತಿರ ಹಿಡಿದರು. ಮಾವ ನೋಡದೆ ಪಂಪು ಎತ್ತಲು ಬಗ್ಗಿದರು. ಮಗ ಅದನ್ನು ಕಿತ್ತುಕೊಂಡು ತನ್ನ ಬೆನ್ನಿಗೆ ಹಾಕಿಕೊಂಡ. ಮಾವ ವಾಲಿದ ಕಲ್ಲುಕಂಬಕ್ಕೆ ಒರಗಿ ಕೂತು, ಮಧ್ಯಾಹ್ನದ ಊಟದವರೆಗೂ ಮಾತಾಡಿದರು.